ಹಸಿರು ಬಳೆಯ ಸೈಕಲ್

ವಾಟ್ಸಾಪ್ ಗುಂಪಿನ ಹರಾಜು ಮುಗಿಯಲು ಒಂದೇ ನಿಮಿಷವಿತ್ತು. ಮಾನ್ವಿಯ ಸ್ವಪ್ನಾ ಮಗಳಿಗೆಂದು ಹಳೆಯ ಮೂರು ಗಾಲಿ ಸೈಕಲ್ಲಿಗೆ ಮತ್ತೆ ಬೆಲೆ ಏರಿಸಿದಳು. ಪ್ರತಿ ಸಲವೂ ಮೇಲೆ ಕೂಗುತ್ತಿದ್ದ ಅಪರಿಚಿತ ಹೆಂಗಸು ಈಗ ಸುಮ್ಮನಾದಳು. ಸೈಕಲ್ ಸ್ವಪ್ನಾಳದಾಯಿತು.

ಕೂಡಲೇ ಆ ಹೆಂಗಸೇ ಕರೆ ಮಾಡಿದಳು. "ಯಕ್ಕಾ, ನಾನು ದೇವದುರ್ಗದ ಮಹಾಂತಮ್ಮ. ಆ ಸೈಕಲ್ ನನ್ನ ಮಗಳದು. ಹ್ಯಾಂಡಲ್ಲಿಗೆ ಹಸಿರು ಬಳಿ ನಾನ ಹಾಕೀನಿ. ಅದರ ಮ್ಯಾಲ ಆಡಾಕ ಹೋದಾಕಿ ಎಂಟು ದಿನ ಆತು, ಮನಿಗೆ ಬಂದಿಲ್ಲ."

ಸ್ವಪ್ನಾ ಗುಂಪಿನಲ್ಲಿದ್ದ ಸೈಕಲ್ಲಿನ ಫೋಟೊ ದೊಡ್ಡದು ಮಾಡಿ ನೋಡಿದಳು. ಬಳೆ ಇತ್ತು. ಮಾರುವವನಿಗೆ ಬರೆದಳು: "ನಿಮ್ಮ ಮನಿ ಎಲ್ಲಿ ಅದರೀ? ಬಂದು ಒಯ್ತೀವಿ."

ಅವನಿಗೆ ಅವಳು ತನ್ನ ವಿಳಾಸ ಕೊಟ್ಟಿರಲಿಲ್ಲ. ಆದರೂ ಉತ್ತರ ಬಂತು: "ಬ್ಯಾಡ್ರಿ, ನಿಮ್ಮ ಮನಿ ಮುಂದ ಅದೀನಿ. ನಿಮ್ಮ ಮಗಳು ಆಗಲೇ ಸೈಕಲ್ ಹತ್ತಿ ಕುಂತಾಳ."