ನೆಗಡಿ ಯಂತ್ರದ ಚಾರ್ಜು

ಮಧುಕೇಶ ಕದ್ದು ಸೇದುತ್ತಿದ್ದ ಇ-ಸಿಗರೇಟು ಒಂದು ದಿನ ಅಮ್ಮನ ಕೈಗೆ ಸಿಕ್ಕಿತು. ನೆಗಡಿಗೆ ಹಬೆ ಎಳೆದುಕೊಳ್ಳುವ ಯಂತ್ರ ಎಂದುಬಿಟ್ಟ. ಅಮ್ಮ ನಂಬಿದಳು. ಅಂದಿನಿಂದ ಅದು ಮನೆಯಲ್ಲೇ ಉಳಿಯಿತು, ಚಾರ್ಜಿಗೆ ಹಾಕುವ ಕೆಲಸವೂ ಅವಳದೇ ಆಯಿತು.

ಹಾಸಿಗೆಯ ಮೇಲಿಟ್ಟರೆ ಬ್ಯಾಟರಿ ಸಿಡಿಯುತ್ತದೆ ಎಂದು ಅವನೇ ಹೆದರಿಸಿದ್ದ. ಹಾಗಾಗಿ ಅವಳು ಅದನ್ನು ಅಡುಗೆಕಟ್ಟೆಯ ಕಲ್ಲಿನ ಮೇಲಿಟ್ಟು, ಹಾಲು ಉಕ್ಕೀತೆಂದು ಕಾಯುವವಳ ಹಾಗೆ ಎದುರಿಗೇ ನಿಲ್ಲುತ್ತಿದ್ದಳು. ಹಸಿರು ದೀಪ ಹತ್ತಿದ ಕೂಡಲೇ ವೈರು ಕೀಳುತ್ತಿದ್ದಳು.

ಆದರೂ ಅವನು ಸಂಜೆ ಆಫೀಸಿನಿಂದ ಬಂದು ನೋಡಿದರೆ ಚಾರ್ಜೇ ಇರುತ್ತಿರಲಿಲ್ಲ.

"ಬ್ಯಾಟರಿ ಕೆಟ್ಟಿದೆ ಅಮ್ಮ. ಇಂಥವೇ ಸಿಡಿಯೋದು. ಇನ್ನು ಇದು ಮನೇಲಿ ಬೇಡ," ಎಂದ ಗಾಬರಿಯಿಂದ.

"ಬ್ಯಾಟರಿಗೇನೂ ಆಗಿಲ್ಲ ಕಣೋ, ಸುಮ್ನಿರು."

"ಮತ್ತೆ ಚಾರ್ಜೆಲ್ಲ ಎಲ್ಲಿಗೆ ಹೋಗುತ್ತೆ?"

ಅಮ್ಮ ಅದರ ಬಾಯನ್ನು ಸೆರಗಿನಿಂದ ಜೋಪಾನವಾಗಿ ಒರೆಸಿದಳು.

"ಭಜನಾ ಮಂಡಳಿಲಿ ಎಲ್ರಿಗೂ ಗಂಟಲು ಕಟ್ಟಿತ್ತು, ಪಾಪ ಅಂತ ಒಯ್ದು ಕೊಟ್ಟೆ. ಈಗ ಒಂದೊಂದು ಸಲ ಎಳೀದೆ ಯಾರೂ ತಾಳಾನೇ ಮುಟ್ಟಲ್ಲ."