ಭಾವನಿಗೆ ತಿಳಿಯದ ಕಂಪ್ಯೂಟರ್

ಕರೆಗಂಟೆ ಸದ್ದಾದಾಗ ಮಿಗ್ಲೆನಾ ಹೊಸ ಕಂಪ್ಯೂಟರಿನ ಮೇಲೆ ಅಡುಗೆಮನೆಯ ಟವಲು ಹೊದಿಸಿದಳು, ತೆಗೆದಳು, ಮತ್ತೆ ಹೊದಿಸಿದಳು. ಕೊನೆಗೆ ಆದದ್ದಾಗಲಿ ಎಂದು ಬಾಗಿಲು ತೆರೆದಳು. ಅಕ್ಕ ದೋನ್ಕಾಳ ಗಂಡ ಲ್ಯೂಬೆನ್ ಕೊನೆಯ ಮಹಡಿಯವರೆಗೂ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತಿದ್ದ. ಕೈಯಲ್ಲಿ ಸ್ಕ್ರೂಡ್ರೈವರುಗಳ ಚೀಲ.

"ಈ ಸಲ ಏನು ಮುಟ್ಟಿದೆ?" ಹೊಸ್ತಿಲಲ್ಲೇ ಕೇಳಿದ.

ಬಲ್ಗೇರಿಯಾದ ರೂಸೆ ಪಟ್ಟಣದಲ್ಲಿ ಲ್ಯೂಬೆನ್ ಹೆಸರುವಾಸಿ ಹಲ್ಲಿನ ಡಾಕ್ಟರು. ಎಂದೋ ಒಮ್ಮೆ ಮಾವನ ಮನೆಯ ಪ್ರಿಂಟರಿಗೆ ತಂತಿ ಸರಿಯಾಗಿ ಸಿಕ್ಕಿಸಿದ್ದೇ ನೆಪವಾಗಿ, ಅಂದಿನಿಂದ ಇಡೀ ಬಳಗಕ್ಕೆ ಕಂಪ್ಯೂಟರ್ ಡಾಕ್ಟರೂ ಆಗಿಬಿಟ್ಟಿದ್ದ. ಶನಿವಾರ ಮಿಗ್ಲೆನಾಳ ಪಾಳಿ. ಔಷಧದ ಡಬ್ಬಿಯೊಳಗೆ ಮಡಿಚಿಟ್ಟಿರುವ ಚೀಟಿಗಳನ್ನು ಜರ್ಮನ್ನಿನಿಂದ ಬಲ್ಗೇರಿಯನ್ನಿಗೆ ಅನುವಾದಿಸುವುದು ಅವಳ ಜೀವನೋಪಾಯ. ಅವಳ ಹಳೇ ಕಂಪ್ಯೂಟರು ಒಂದು ವಾರ ಮುನಿಸಿಕೊಂಡರೆ ಇನ್ನೊಂದು ವಾರ ಮಲಗಿಬಿಡುತ್ತಿತ್ತು. ಭಾವ ಬಂದು ಬಿಚ್ಚುತ್ತಿದ್ದ, ಊದುತ್ತಿದ್ದ, ಜೋಡಿಸುತ್ತಿದ್ದ. ದವಾಖಾನೆಯಲ್ಲಿ ಬೆಣ್ಣೆಯಂಥ ಮಾತಿನ ಮನುಷ್ಯ, ಇಲ್ಲಿ ಮಾತ್ರ ಅವಳನ್ನು ಗದರಿಯೇ ಗದರುತ್ತಿದ್ದ. ಹೋದ ವಾರ ಆ ಯಂತ್ರ ಮುಗಿದು ಕೂತಿದ್ದ ಅನುವಾದವೊಂದನ್ನು ಪೂರ್ತಿ ನುಂಗಿಹಾಕಿತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕೆಲಸ ಕೊಟ್ಟವರು ಖಡಾಖಂಡಿತವಾಗಿ ಹೇಳಿದರು. ಮರುದಿನವೇ ಮಿಗ್ಲೆನಾ ಯಾರನ್ನೂ ಕೇಳದೆ ಬೇರೆಯೇ ಜಾತಿಯ ಕಂಪ್ಯೂಟರೊಂದನ್ನು ತಂದಳು. ಯಾರನ್ನೂ ಅಂದರೆ, ಭಾವನನ್ನು.

"ಮೊದಲು ಕೂತ್ಕೊಳ್ಳಿ ಭಾವ. ಬನಿತ್ಸಾ ಮಾಡಿದೀನಿ, ಪದರದೊಳಗಿನ ಚೀಸ್ ಇನ್ನೂ ಬಿಸಿಯಾಗಿದೆ."

"ಮೊದಲು ರೋಗಿ, ಆಮೇಲೆ ತಿಂಡಿ," ಎನ್ನುತ್ತ ಅವನು ಟವಲು ಎಳೆದ. ಎಳೆದವನು ಹಾಗೇ ನಿಂತ.

"ಹಳೇದನ್ನ ಬಿಟ್ಟುಬಿಟ್ಟೆ," ಅವಳು ಒಂದೇ ಉಸಿರಿಗೆ ಹೇಳಿದಳು. "ಇದು ಬೇರೆ ಥರದ್ದು. ಹಳೇದರ ಹಾಗಲ್ಲ, ಯಾವುದೂ ಹಾಗಿಲ್ಲ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ದರೆ ಬೇಡ ಅಂತಿದ್ರಿ."

ಲ್ಯೂಬೆನ್ ಕುರ್ಚಿ ಎಳೆದುಕೊಂಡು ಕೂತ. ಪರದೆಯ ಮೇಲೆ ತೆರೆದಿದ್ದ ಪುಟವನ್ನು ಮುಚ್ಚಲು ಹೋದ. ಬಾಣದ ಗುರುತು ಬಲಮೂಲೆಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಯಾವುದೋ ಗುಂಡಿ ಒತ್ತಿದ, ಇನ್ನೊಂದು ಪುಟ ತೆರೆದುಕೊಂಡಿತು. ಅವನ ಹಣೆಯ ಮೇಲೆ ಬೆವರು ಮೂಡುತ್ತಿರುವುದನ್ನು ಮಿಗ್ಲೆನಾ ಕಂಡಳು. ಇವತ್ತಿಗೆ ಇವರ ಮುಖ ಊದಿಕೊಳ್ಳುತ್ತದೆ, ಸಂಜೆ ಅಕ್ಕ ಫೋನು ಮಾಡಿ ಜನ್ಮ ಜಾಲಾಡುತ್ತಾಳೆ ಎಂದುಕೊಂಡಳು.

"ಮುಚ್ಚೋದೆಲ್ಲಿ?"

"ಎಡಗಡೆ ಭಾವ. ಆ ಕೆಂಪು ಚುಕ್ಕೆ."

"ಎಡಗಡೆನಾ?"

"ನನಗೂ ಮೊದಮೊದಲು ಕೈ ಬಲಗಡೆಗೇ ಓಡ್ತಿತ್ತು."

ಲ್ಯೂಬೆನ್ ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ. "ಇದು ಕೆಟ್ಟರೆ?"

"ಅಂಗಡಿಯವರೇ ನೋಡ್ಕೋತಾರಂತೆ. ಹತ್ತಿರದಲ್ಲೇ ಇದೆ."

"ನನ್ನನ್ನ ಕರೆಯಲ್ಲ?"

"ಇಲ್ಲ ಭಾವ," ಅವಳು ಟವಲು ಮಡಿಚುತ್ತ ಹೇಳಿದಳು. "ಕರೆಯಲ್ಲ."

"ಸತ್ಯವಾಗ್ಲೂ?"

"ಸತ್ಯವಾಗ್ಲೂ."

ಅವನು ಉದ್ದಕ್ಕೆ ಉಸಿರು ಬಿಟ್ಟ. ಹೆಗಲುಗಳು ಇಳಿದವು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಳುತ್ತಿದ್ದಾನೇನೋ ಎಂದು ಅವಳು ಹತ್ತಿರ ಹೋದರೆ, ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ನನಗೆ ಇದರ ಗಂಧಗಾಳಿ ಗೊತ್ತಿಲ್ಲ ಕಣೇ ಮಿಗ್ಲೆನಾ! ಇದರದ್ದು ಮಾತ್ರ ಅಲ್ಲ, ಆ ಹಳೇದರದ್ದೂ ಗೊತ್ತಿರಲಿಲ್ಲ. ಸಿಗರೇಟು ಅಂತ ಬಾಲ್ಕನಿಗೆ ಹೋಗ್ತಿದ್ನಲ್ಲ, ಅಲ್ಲಿ ನಿಂತು ಫೋನಲ್ಲಿ ಹುಡುಕ್ತಿದ್ದೆ. ಸಿಗರೇಟು ಬಿಟ್ಟು ಯಾವ ಕಾಲ ಆಯ್ತು!"

"ಮತ್ತೆ ನನ್ನನ್ನ ಯಾಕೆ ಅಷ್ಟು ಬೈತಿದ್ರಿ?"

"ಗೊತ್ತಿಲ್ಲದವನು ಇನ್ನೇನು ಮಾಡ್ತಾನೆ? ಹಲ್ಲಿನ ವಿಷಯಕ್ಕೆ ನಾನು ಯಾರನ್ನಾದ್ರೂ ಬೈದಿದ್ದು ಕೇಳಿದೀಯಾ?" ಅವನ ನಗು ನಿಂತಿತು. "ತಪ್ಪಾಯ್ತು. 'ನನಗೆ ಬರಲ್ಲ' ಅಂತ ನಿಮ್ಮಕ್ಕನ ಎದುರು ಹೇಳೋಕೆ ನಾಲಿಗೆ ಹೊರಳಲಿಲ್ಲ. ಒಂದು ಸಲ ಹೇಳದೇ ಇದ್ದೆ ನೋಡು, ಆಮೇಲೆ ಹೇಳೋದು ಹೇಗೆ?"

ಸಿಟ್ಟು ಬರುತ್ತದೆ ಎಂದು ಮಿಗ್ಲೆನಾ ಕಾದಳು. ಬರಬೇಕಾದದ್ದೇ. ಆದರೆ ಎದೆಯ ಮೇಲೆ ಎಷ್ಟೋ ದಿನದಿಂದ ಕೂತಿದ್ದದ್ದೇನೋ ಎದ್ದು ಹೋದ ಹಾಗಾಯಿತು. ತನ್ನ ಕೈಯೇ ಸರಿಯಿಲ್ಲ, ಮುಟ್ಟಿದ್ದೆಲ್ಲ ಹಾಳು ಎಂದು ಅವಳು ನಂಬಿಕೊಂಡಿದ್ದಳು. ಅವಳಿಗೂ ನಗು ಬಂತು.

ಬನಿತ್ಸಾದ ಎರಡನೇ ತುಂಡು ಮುಗಿಸುವಾಗ ಲ್ಯೂಬೆನ್‌ನ ಫೋನು ಸದ್ದು ಮಾಡಿತು. ದೋನ್ಕಾಳ ದನಿ ಮೇಜಿನ ಈಚೆಗೂ ಕೇಳುತ್ತಿತ್ತು.

"ರಿಪೇರಿ ಆಯ್ತಾ? ಚಿಕ್ಕಮ್ಮನ ಮನೆ ಕಂಪ್ಯೂಟರೂ ಕೈಕೊಟ್ಟಿದೆಯಂತೆ. ಅಲ್ಲಿಂದ ಹಾಗೇ ಹೋಗಿ ಬನ್ನಿ."

ಲ್ಯೂಬೆನ್ ನಾದಿನಿಯ ಕಡೆ ನೋಡಿದ. ಅವಳು ತುಟಿ ಬಿಗಿಹಿಡಿದು ಹುಬ್ಬೇರಿಸಿದಳು.

"ಎಲ್ಲಿ ಆಗುತ್ತೆ!" ಎಂದ ಅವನು ಫೋನಿಗೆ. "ತುಂಬಾ ಹದಗೆಟ್ಟಿದೆ ಮಹರಾಯ್ತಿ. ಸಂಜೆಯಾದ್ರೂ ಆಗಬಹುದು."

ಫೋನಿನ ಸದ್ದು ಅಡಗಿಸಿ, ಬೂಟು ಬಿಚ್ಚಿ, ಅವನು ಸೋಫಾದ ಮೇಲೆ ಕಾಲು ಚಾಚಿದ. ಮಿಗ್ಲೆನಾ ಜ್ವರದ ಮಾತ್ರೆಯ ಚೀಟಿಯೊಂದನ್ನು ತೆರೆದು ಕೂತು, ಎಲ್ಲಿಯೂ ತಡವರಿಸದೆ ಟೈಪು ಮಾಡತೊಡಗಿದಳು. ಅವನು ನಿದ್ದೆಹೋದ ಎಂದುಕೊಂಡಿದ್ದಳು. ಕಣ್ಣು ಮುಚ್ಚಿಯೇ ಇದ್ದವನು ಪಿಸುದನಿಯಲ್ಲಿ ಹೇಳಿದ:

"ಮಿಗ್ಲೆನಾ, ಇದು ಕೆಡಲ್ಲ ಅಂತ ಮಾತ್ರ ಯಾರಿಗೂ ಹೇಳಬೇಡ."