ಹಿಂದಕ್ಕೆ ಹೋದ ದೋಣಿ

ಮಗರಪಟ್ಟಾದ ನನ್ನ ಆಫೀಸಿನಲ್ಲಿ ಯಾರಾದರೂ ವೈರು ಬೆಸೆದರೆ, ಆ ಹೊಗೆಯ ವಾಸನೆಗೆ ಶಿರೂರಿನ ಹಿನ್ನೀರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ಅವ್ವನ ಅಪ್ಪ, ನನ್ನ ಅಜ್ಜ, ಅಲ್ಲಿ ಮೀನು ಹಿಡಿಯುತ್ತಿದ್ದರು. ಆ ವರ್ಷ ಭುಜ ಸೋತು, ಹುಟ್ಟು ಹಾಕಲಾಗದೆ, ದೋಣಿ ಮಾರುವ ಮಾತಾಡಿದ್ದರು. ಶಹರದ ಕೊಂಢವಾದಲ್ಲಿ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ ಅಪ್ಪ ಅದನ್ನು ಕೇಳಿ, ಬ್ಯಾಟರಿಯಲ್ಲಿ ನಡೆಯುವ ಹಳೆಯ ಮೋಟಾರೊಂದನ್ನು ಹುಡುಕಿ ತಂದ.

ಅದನ್ನು ದೋಣಿಯ ಹಿಂಬದಿಗೆ ಬಿಗಿದು, ಬ್ಯಾಟರಿಯಿಂದ ಅದಕ್ಕೆ, ಕೆಲಸದಲ್ಲಿ ಉಳಿದಿದ್ದ ಎರಡು ವೈರು ಬೆಸೆದ. ಎರಡೂ ಕಪ್ಪು. ಅಂಟಂಟಾದ ಟೇಪನ್ನು ನಾನು ಹರಿದು ಹರಿದು ಕೊಟ್ಟೆ.

“ಯಾವ ವೈರ ಎಲ್ಲಿಗೆ ಅಂತ ನೋಡೂದು ಬ್ಯಾಡೇನ್ರಿ?” ಅಜ್ಜ ಕೇಳಿದರು.

“ಬಲ್ಬಿಗೆ ಹೆಂಗ ಹಚ್ಚಿದ್ರೂ ಹತ್ತತದ, ಮಾವಾರ,” ಅಂದ ಅಪ್ಪ.

ಅಜ್ಜ ರೂಢಿಯಂತೆ ಹುಟ್ಟು ಹಾಕುವ ಹಲಗೆಯ ಮೇಲೆ, ದೋಣಿಯ ಮೂತಿಗೆ ಬೆನ್ನು ಮಾಡಿ ಕೂತರು. ನನ್ನನ್ನೂ ಹತ್ತಿಸಿಕೊಂಡು ಅಪ್ಪ ಸ್ವಿಚ್ ಒತ್ತಿದ. ಮೋಟಾರು ಉಲ್ಟಾ ತಿರುಗಿ, ದೋಣಿ ಹಿಂದಕ್ಕೆ ಹೊರಟಿತು. ನಾನು ಬಿದ್ದು ಬಿದ್ದು ನಕ್ಕೆ. ಅಪ್ಪ ಮುಖ ಸಣ್ಣದು ಮಾಡಿ, ಮೋಟಾರು ನಿಲ್ಲಿಸಿ, ವೈರು ಬದಲಿಸಲು ಇಕ್ಕಳ ತೆಗೆದ.

“ತಡೀರಿ, ಅಳಿಯಾರ,” ಅಂದರು ಅಜ್ಜ. ಗಾಳಿಗೆ ಅವರ ಕಣ್ಣು ಒದ್ದೆಯಾಗಿತ್ತು. “ನಲವತ್ತ ವರ್ಷ ಬಿಟ್ಟ ಬಂದ ದಂಡೀನ ನೋಡಕೋತ ಹುಟ್ಟ ಹಾಕೀನಿ. ಇವತ್ತ ಹೋಗೂ ಕಡೆ ಕಾಣಸ್ತದ. ಭಾಳ ಚಲೋ ಅದ. ಹಂಗ ನಡೀಲಿ.”

ಅಪ್ಪ ಇಕ್ಕಳವನ್ನು ಜೇಬಿಗೆ ಹಾಕಿದ. ಅಜ್ಜ ಇರುವವರೆಗೂ ಆ ದೋಣಿ ಹಿಂದಕ್ಕೇ ಹೋಯಿತು.